ಕೀಂಯ್ ಅನ್ನುವ ಬ್ರೇಕಿಗೆ ಮೂರು ಮದ್ದು: ನನಗೆ ಯಾವುದು ಹಿಡಿಯಿತು?

ಮಂಗಳೂರಿನ ಮಳೆಗಾಲದಲ್ಲಿ ಬೆಳಿಗ್ಗೆ ಕಾರು ತೆಗೆದ ಕೂಡಲೇ ಬ್ರೇಕ್ ಕರಕರ ಅಂದರೆ ಹೆದರಬೇಡಿ. ರಾತ್ರಿ ಡಿಸ್ಕ್ (ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ) ಮೇಲೆ ಕೂತ ತೆಳು ತುಕ್ಕು ಅದು, ನಾಲ್ಕೈದು ಸಲ ಬ್ರೇಕ್ ಒತ್ತಿದರೆ ಉಜ್ಜಿ ಹೋಗುತ್ತದೆ. ನನ್ನ ಕಾರಿನ ಕಥೆ ಬೇರೆ. ಚಾರ್ಮಾಡಿ ಘಾಟಿ ಇಳಿದು ಬಂದ ಮೇಲೆ, ಮೆಲ್ಲಗೆ ಬ್ರೇಕ್ ಒತ್ತಿದಾಗೆಲ್ಲ ಮುಂದಿನ ಎಡ ಚಕ್ರದಿಂದ ಸೀಟಿ ಊದಿದ ಹಾಗೆ ಕೀಂಯ್ ಸದ್ದು.

ಮೊದಲು, ಆ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡ್ ಬಿಚ್ಚಿ ಉಜ್ಜಿದೆ. ಘಾಟಿಯ ಬಿಸಿಗೆ ಅದರ ಮುಖ ಗಾಜಿನ ಹಾಗೆ ಹೊಳೆಯುತ್ತಿತ್ತು. 80 ನಂಬರಿನ ಎಮರಿ ಪೇಪರನ್ನು ಸಮತಟ್ಟು ನೆಲದ ಮೇಲಿಟ್ಟು ತಿಕ್ಕಿದೆ (ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಒಳ್ಳೆಯದಲ್ಲ). ಖರ್ಚು ಏನೂ ಇಲ್ಲ. ಆದರೆ ಹತ್ತೇ ದಿನ, ಸದ್ದು ವಾಪಸ್.

ಆಮೇಲೆ ಗ್ಯಾರೇಜಿನಲ್ಲಿ ಪ್ಯಾಡ್ ಹೋಗಿದೆ ಅಂದರು. ದಪ್ಪ 3 ಮಿಲಿಮೀಟರಿಗೆ ಬಂದರೆ ಬದಲಿಸಬೇಕು, ಸರಿ, ನನ್ನದು ಇನ್ನೂ 6 ಇತ್ತು. ಆದರೂ ಸೆಮಿ ಮೆಟಾಲಿಕ್ (ಲೋಹದ ಚೂರು ಬೆರೆಸಿದ) ಪ್ಯಾಡ್ ಹಾಕಿಸಿದೆ. 60ರಿಂದ 15ರ ವೇಗಕ್ಕೆ, ಪೂರ್ತಿ ನಿಲ್ಲಿಸದೆ, ಹತ್ತು ಸಲ ಬ್ರೇಕ್ ಒತ್ತಿ ಪಳಗಿಸಿದೆ. ಬ್ರೇಕ್ ಹಿಡಿತ ಚೆನ್ನಾಗಿತ್ತು, ಮೂರು ತಿಂಗಳಿಗೆ ಮತ್ತೆ ಅದೇ ಕೀಂಯ್.

ಆಗ ನಾನೇ ಬಿಚ್ಚಿ ಎರಡು ಪ್ಯಾಡನ್ನೂ ಅಂಗೈ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆ. ಒಳಗಿನದು ಹೊರಗಿನದಕ್ಕಿಂತ ಎಷ್ಟೋ ಜಾಸ್ತಿ ಸವೆದಿತ್ತು. ಹಾಗಿದ್ದರೆ ಪ್ಯಾಡುಗಳನ್ನು ಹಿಡಿದು ಒತ್ತುವ ಕ್ಯಾಲಿಪರ್ ಜಾರುತ್ತಿಲ್ಲ ಅಂತ ತಾನೇ ಅರ್ಥ! ಅದು ಜಾರಬೇಕಾದ ಪಿನ್ ಕೈಗೆ ಬರಲೇ ಇಲ್ಲ, ಇಕ್ಕಳದಲ್ಲಿ ತಿರುಗಿಸಿ ತಿರುಗಿಸಿ ಎಳೆದಾಗ ಅದರ ಮೇಲೆ ಹಳೆಯ ಗ್ರೀಸ್, ತುಕ್ಕು ಎರಡೂ ಕಲೆತು ಬೆಲ್ಲದ ಪಾಕ ಒಣಗಿದ ಹಾಗೆ ಅಂಟಿತ್ತು. ಪಿನ್ ಮುಚ್ಚುವ ರಬ್ಬರ್ ಬೂಟ್ ಹರಿದು ನೀರು ಹೊಕ್ಕಿತ್ತು. ಪಿನ್ ಒರೆಸಿ, ಹೊಸ ಬೂಟ್ ಹಾಕಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿದೆ. ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಊದಿಕೊಳ್ಳುತ್ತದೆ. ಈಗ ಬೆರಳಲ್ಲಿ ತಳ್ಳಿದರೆ ಪಿನ್ ಜಾರುತ್ತದೆ. ಕೆಲಸ ಮಾಡುವಾಗ ಕ್ಯಾಲಿಪರನ್ನು ತಂತಿಯಲ್ಲಿ ಕಟ್ಟಿಡಿ, ಬ್ರೇಕ್ ಹೋಸಿನಿಂದ ನೇತಾಡಲು ಬಿಡಲೇಬೇಡಿ.

ಹಾಗಾಗಿ ಪ್ಯಾಡಿಗೆ ದುಡ್ಡು ಹಾಕುವ ಮೊದಲು ಪಿನ್ ನೋಡಿ ಅನ್ನುತ್ತೇನೆ. ಡಿಸ್ಕ್ ಲೇತಿಗೆ ಕೊಡಿಸುವ ಮಾತೂ ಬಂತು, ನಾನು ಒಪ್ಪಲಿಲ್ಲ. ಪೆಡಲ್ ಅದುರುವುದಕ್ಕೆ ಅದು ಸರಿ, ನನ್ನದು ಅದುರುತ್ತಿರಲಿಲ್ಲ. ಸೆರಾಮಿಕ್ ಪ್ಯಾಡ್ ಸದ್ದು ಕಡಿಮೆ, ಧೂಳೂ ಕಡಿಮೆ, ಆದರೆ ಬೆಲೆ ಜಾಸ್ತಿ. ಬರೀ ಊರೊಳಗೆ ಓಡಿಸುವವರು ತಗೊಳ್ಳಿ, ಘಾಟಿ ಹತ್ತಿಳಿಯುವ ನನಗೆ ಸೆಮಿ ಮೆಟಾಲಿಕ್ಕೇ ಸಾಕು. ಇನ್ನು, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗೆ ಗರಗರ ಕೇಳಿದರೆ ಇದ್ಯಾವುದೂ ಅಲ್ಲ, ಪ್ಯಾಡ್ ಮುಗಿದಿರುತ್ತದೆ, ಓಡಿಸಬೇಡಿ.

ಪಿನ್ ಸರಿಮಾಡಿ ಎರಡು ಮಳೆಗಾಲ ಆಯಿತು. ಮೊನ್ನೆ ಚಕ್ರ ಬಿಚ್ಚಿದಾಗ ಎಡಗಡೆಯ ಎರಡೂ ಪ್ಯಾಡ್ ಸರಿಸಮ ಸವೆದಿದ್ದವು.