ಲೇಖನದ ಕಟ್ಟೋಣ ಕಲಿಯಲು: ಪಟ್ಟಿಯೋ, ನಕಲೋ, ಕತ್ತರಿಯೋ?

ಬೇಲೂರು, ಮುಳ್ಳಯ್ಯನಗಿರಿ ಕುರಿತು ಬರೆಯಹೊರಟವರು, ಜನ ಮೆಚ್ಚಿ ಓದಿದ ಲೇಖನಗಳಿಂದ ಕಟ್ಟೋಣ, ಅಂದರೆ ಯಾವುದರ ನಂತರ ಯಾವುದು ಬರಬೇಕೆಂಬ ಜೋಡಣೆ, ಕಲಿಯುವುದು ಹೇಗೆಂದು ಕೇಳಿದ್ದೀರಿ. ದಾರಿ ಮೂರು: ಪ್ರತಿ ಪ್ಯಾರಾಕ್ಕೆ ಒಂದು ಸಾಲಿನಂತೆ ಪಟ್ಟಿ ಮಾಡುವುದು, ಇಡೀ ಲೇಖನವನ್ನು ಕೈಯಲ್ಲಿ ನಕಲು ಮಾಡುವುದು, ಪ್ರಿಂಟ್ ತೆಗೆದು ಪ್ಯಾರಾಗಳನ್ನು ಕತ್ತರಿಸಿ, ಕಲಸಿ, ಮತ್ತೆ ಜೋಡಿಸುವುದು.

ಸಮಯ ನೋಡಿದರೆ ಪಟ್ಟಿಯೇ ಅಗ್ಗ. ಸಾವಿರ ಪದಕ್ಕೆ ಅರ್ಧ ಗಂಟೆ ಸಾಕು. ನಕಲಿಗೆ ಎರಡು ಗಂಟೆಯಾದರೂ ಬೇಕು.

ಪಟ್ಟಿ ಕೆಡುವುದು ಒಂದೇ ಕಡೆ. ‘ಚೆನ್ನಕೇಶವ ಗುಡಿ 1117ರದ್ದು’ ಎಂದು ವಿಷಯ ಬರೆದುಕೊಂಡರೆ ಏನೂ ದಕ್ಕದು. ‘ಓದುಗನ ಅನುಮಾನಕ್ಕೆ ಉತ್ತರ ಕೊಡುತ್ತದೆ’ ಎಂದು ಆ ಪ್ಯಾರಾ ಮಾಡುವ ಕೆಲಸ ಬರೆಯಿರಿ. ಒಂದೇ ಬಗೆಯ ನಾಲ್ಕೈದು ಲೇಖನಗಳ ಪಟ್ಟಿ ಅಕ್ಕಪಕ್ಕ ಇಡಿ: ಎಲ್ಲದರಲ್ಲೂ ಇರುವುದು ಕಟ್ಟೋಣ, ಒಂದರಲ್ಲಿ ಮಾತ್ರ ಇರುವುದು ಆ ಲೇಖಕರ ಚಾಳಿ. (ಬರೀ ಫೋಟೊದಿಂದ ಓಡಿದ ಲೇಖನಗಳೂ ಇವೆ, ಅವನ್ನು ಬಿಡಿ.)

ನಕಲು ವಾಕ್ಯದ ಲಯ ಕಲಿಸುತ್ತದೆ, ಕಟ್ಟೋಣವನ್ನು ಅಷ್ಟಾಗಿ ಅಲ್ಲ. ಕೈ ಓಡುತ್ತದೆ, ತಲೆ ಮಲಗುತ್ತದೆ. ಪ್ಯಾರಾ ಓದಿ, ಮುಚ್ಚಿಟ್ಟು, ನೆನಪಿನಿಂದ ಬರೆದರೆ ಈ ದೋಷ ತಗ್ಗುತ್ತದೆ.

ಕತ್ತರಿಸಿದ ಚೀಟಿಗಳನ್ನು ವಾರ ಬಿಟ್ಟು ಜೋಡಿಸಿ. ಅಂದೇ ಮಾಡಿದರೆ ನೆನಪೇ ಜೋಡಿಸುತ್ತದೆ. ಮೂಲಕ್ಕೂ ನಿಮ್ಮದಕ್ಕೂ ಎಲ್ಲಿ ವ್ಯತ್ಯಾಸ ಬಂತೋ ಅಲ್ಲೇ ಪಾಠ. ಮುಳ್ಳಯ್ಯನಗಿರಿಯ 1,930 ಮೀಟರ್ ಎತ್ತರ ಮೊದಲು ಬರಬೇಕೋ, ದಾರಿಯ ವಿವರವೋ? ಕೆಲವೊಮ್ಮೆ ನಿಮ್ಮ ಕ್ರಮವೇ ಮೇಲು.

ಕಾಫಿ ಕೊಯ್ಲಿನ ನಡುವೆ ಬಿಡುವು ಕಡಿಮೆಯೇ? ಪಟ್ಟಿ. ವಾಕ್ಯ ತೊಡರುತ್ತದೆಯೇ? ನಕಲು. ಮಾಹಿತಿ ರಾಶಿ ಇದ್ದು ಕ್ರಮ ಸಿಗದಿದ್ದರೆ ಕತ್ತರಿ.