ಹೊಸ ಫೋಟೋ ತಕ್ಷಣ ಬರುತ್ತದೆ, ಹಳೆಯದು ಹೋಗುವುದೇ ಇಲ್ಲ

ನಾನು ಚೆಸ್ ಆಡುವ ತಾಣದಲ್ಲಿ ಮೊದಲು ಪ್ರೊಫೈಲ್ ಚಿತ್ರವನ್ನು ನಾವೇ ಹಾಕುವ ಹಾಗಿರಲಿಲ್ಲ. ನಮ್ಮ ಇಮೇಲ್‌ಗೆ ಗ್ರಾವತಾರ್ ಅನ್ನುವ ಪ್ರೊಫೈಲ್ ಚಿತ್ರಗಳ ಸೇವೆಯಲ್ಲಿ ಯಾವ ಚಿತ್ರ ಇದೆಯೋ ಅದನ್ನೇ ಎಳೆದು ತಂದು ತೋರಿಸುತ್ತಿತ್ತು. ಅಲ್ಲಿ ಖಾತೆ ಇಲ್ಲದವರಿಗೆ ಬಣ್ಣಬಣ್ಣದ ಚೌಕಗಳ ಒಂದು ವಿನ್ಯಾಸ. ಆಮೇಲೆ ‘ನಿಮ್ಮ ಚಿತ್ರ ಆರಿಸಿ’ ಅನ್ನುವ ಬಟನ್ ಬಂತು. ಬಂದ ದಿನದಿಂದಲೂ ಬಳಸುತ್ತಿದ್ದೇನೆ, ವರ್ಷಗಳೇ ಆದವು.

ಗ್ರಾವತಾರ್ ಕೆಟ್ಟದ್ದು ಅಂತ ಅಲ್ಲ. 2004ರಲ್ಲಿ ಟಾಮ್ ಪ್ರೆಸ್ಟನ್-ವರ್ನರ್ ಶುರು ಮಾಡಿದ್ದು, 2007ರಲ್ಲಿ ಆಟೊಮ್ಯಾಟಿಕ್ ಕಂಪನಿ ಕೊಂಡುಕೊಂಡಿತು. ಒಂದು ಸಲ ಚಿತ್ರ ಹಾಕಿದರೆ ಅದನ್ನು ಬಳಸುವ ಎಲ್ಲ ತಾಣಗಳಲ್ಲೂ ಅದೇ ಬರುತ್ತದೆ. ಎಷ್ಟೋ ಜನಕ್ಕೆ ಅದು ಅನುಕೂಲ. ನನಗೆ ಬೇಡವಾಗಿದ್ದೂ ಅದೇ. ಕೆಲಸದ ಜಾಗದಲ್ಲಿ ತೋರಿಸುವ ಮುಖವನ್ನೇ ಚೆಸ್ ಬೋರ್ಡಿನ ಪಕ್ಕದಲ್ಲೂ ಯಾಕೆ ತೋರಿಸಬೇಕು? ಇನ್ನೊಂದು ವಿಷಯವೂ ಇದೆ. ಇಮೇಲ್ ವಿಳಾಸವನ್ನು ಎಂಡಿ5 ಲೆಕ್ಕಕ್ಕೆ ಹಾಕಿದಾಗ ಬರುವ ಅಕ್ಷರಗಳ ಸಾಲು ಆ ಚಿತ್ರದ ಲಿಂಕ್‌ನಲ್ಲೇ ಕಾಣುತ್ತಿತ್ತು. ಯಾರಾದರೂ ನಮ್ಮ ಇಮೇಲ್ ಊಹಿಸಿ ಅದೇ ಲೆಕ್ಕಕ್ಕೆ ಹಾಕಿದರೆ ಎರಡೂ ಸಾಲು ಒಂದೇನಾ ಅಂತ ನೋಡಿಬಿಡಬಹುದು. ಹಾಗಾಗಿ ಚಿತ್ರವನ್ನು ಇಲ್ಲೇ ಹಾಕುವುದು ನನಗೆ ನಿಜವಾಗಿಯೂ ಬೇಕಿತ್ತು.

ಈಗ ನನ್ನ ಅಭ್ಯಾಸ ಹೇಳುತ್ತೇನೆ. ಮನೆಯಲ್ಲಿ ಹಳೆಯ ಮರದ ಕಾಯಿಗಳ ಸೆಟ್ ಇದೆ. ಒಳ್ಳೆಯ ಆಟ ಆಡಿದ ಮರುದಿನ, ಆ ಆಟವನ್ನು ಗೆಲ್ಲಿಸಿಕೊಟ್ಟ ಕಾಯಿಯನ್ನು ಕಿಟಕಿಯ ಹತ್ತಿರ ಇಟ್ಟು, ಬೆಳಕು ಒಂದೇ ಪಕ್ಕದಿಂದ ಬೀಳುವ ಹಾಗೆ ತಿರುಗಿಸಿ, ಹಿಂದೆ ಒಂದು ಕಪ್ಪು ಬಟ್ಟೆ ಹಿಡಿದು ಫೋಟೋ ತೆಗೆಯುತ್ತೇನೆ. ಕುದುರೆ ಗೆಲ್ಲಿಸಿದರೆ ಕುದುರೆ, ಕೊನೇ ಮನೆವರೆಗೂ ನಡೆದು ಹೋದ ಪದಾತಿ ಇದ್ದರೆ ಪದಾತಿ. ಅದೇ ಆ ವಾರದ ನನ್ನ ಪ್ರೊಫೈಲ್ ಚಿತ್ರ. ಜೊತೆಗೆ ಆಡುವ ಕೆಲವರಿಗೆ ಈಗ ಇದು ಗೊತ್ತು. ‘ಏನು, ಈ ಸಲ ಆನೆನಾ?’ ಅಂತ ಆಟ ಶುರು ಮಾಡುವ ಮುಂಚೆ ಕೇಳುತ್ತಾರೆ. ನನಗೆ ಅದು ತುಂಬಾ ಖುಷಿ ಕೊಡುತ್ತದೆ.

ಚಿತ್ರ ಕತ್ತರಿಸುವ ಪರದೆಯನ್ನು ಮಾಡಿದವರಿಗೆ ಮನಸಾರೆ ಥ್ಯಾಂಕ್ಸ್. ಇಲ್ಲಿ ಚಿತ್ರ ದುಂಡಗೆ ಕಾಣಿಸುತ್ತದೆ. ಚೌಕದೊಳಗೆ ವೃತ್ತ ಬರೆದರೆ ಮೂಲೆಗಳಲ್ಲಿ ಶೇಕಡ 21ರಷ್ಟು ಜಾಗ ಹೋಗಿಬಿಡುತ್ತದೆ, ಅಂದರೆ ಎತ್ತರದ ಕಾಯಿಯನ್ನು ಸ್ವಲ್ಪ ಓರೆಯಾಗಿ ಇಟ್ಟರೆ ಕಿರೀಟವೇ ಮಾಯ. ಬೇರೆ ಕಡೆಗಳಲ್ಲಿ ಸೇವ್ ಆದಮೇಲೆ ತಾನೇ ಅದು ಗೊತ್ತಾಗುವುದು. ಇಲ್ಲಿ ಕತ್ತರಿಸುವಾಗಲೇ ಪಕ್ಕದಲ್ಲಿ ಎರಡು ಗಾತ್ರದಲ್ಲಿ ತೋರಿಸುತ್ತದೆ: ಒಂದು ದೊಡ್ಡದು, ಇನ್ನೊಂದು ಆಟಗಾರರ ಪಟ್ಟಿಯಲ್ಲಿ ಹೆಸರಿನ ಪಕ್ಕ ಬರುವ ಪುಟ್ಟದು. ಆ ಪುಟ್ಟದರಲ್ಲಿ ಕುದುರೆಯ ಕಿವಿ ಕಾಣುತ್ತಿದೆಯಾ ಅಂತ ನೋಡಿಕೊಂಡು, ಒಂಚೂರು ಎಡಕ್ಕೆ, ಒಂಚೂರು ಮೇಲಕ್ಕೆ ಸರಿಸುತ್ತಾ ಕೂರುವುದು ಅಂದರೆ ನನಗೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ.

ಅಡ್ಡ ಬೀಳುವ ತೊಂದರೆಯೂ ಇಲ್ಲ. ನಮ್ಮ ಫೋನ್‌ಗಳು ಎಷ್ಟೋ ಸಲ ಫೋಟೋವನ್ನು ತಿರುಗಿಸದೆ ಹಾಗೇ ಇಟ್ಟು, ‘ತೋರಿಸುವಾಗ ಈ ಕಡೆ ತಿರುಗಿಸಿ’ ಅಂತ ಫೋಟೋ ಫೈಲಿನೊಳಗೇ ಇರುವ ಎಕ್ಸಿಫ್ ಮಾಹಿತಿಯಲ್ಲಿ ಒಂದು ಅಂಕಿ ಬರೆದಿಡುತ್ತವೆ, 1ರಿಂದ 8ರವರೆಗೆ. ತಾಣ ಆ ಅಂಕಿಯನ್ನು ಓದದಿದ್ದರೆ ಮುಖ ಪಕ್ಕಕ್ಕೆ ಮಲಗುತ್ತದೆ. ಇಲ್ಲಿ ಯಾವತ್ತೂ ಹಾಗಾಗಿಲ್ಲ. ಹಾಕಿದ ಚಿತ್ರವನ್ನು ಮತ್ತೆ ಇಳಿಸಿಕೊಂಡು ನೋಡಿದೆ, ಫೋಟೋ ತೆಗೆದ ಜಾಗದ ಮಾಹಿತಿಯನ್ನೂ ಅಳಿಸಿದ್ದಾರೆ. ಇದು ಸಣ್ಣ ವಿಷಯ ಅಲ್ಲ. ಮನೆಯಲ್ಲಿ ತೆಗೆದ ಫೋಟೋದೊಳಗೆ ಮನೆ ಇರುವ ಜಾಗವೇ ಕೂತಿರಬಹುದು, ಅಲ್ವಾ?

ನನ್ನ ಫೋನ್ ಹಳೆಯದು, ಡೇಟಾ ಕೂಡ ಲೆಕ್ಕ ಹಾಕಿ ಬಳಸುವವನು ನಾನು. ಫೋಟೋವನ್ನು ಫೋನ್‌ನಲ್ಲೇ ಚಿಕ್ಕದು ಮಾಡಿ ಕಳಿಸುವುದರಿಂದ ಅಪ್‌ಲೋಡ್ ಬೇಗ ಮುಗಿಯುತ್ತದೆ. ಚಲಿಸುವ ಚಿತ್ರ ಹಾಕುವುದು ದುಡ್ಡು ಕೊಟ್ಟವರಿಗೆ ಮಾತ್ರ. ನನಗೆ ಅದರ ಆಸೆ ಇಲ್ಲ.

ಇಷ್ಟರವರೆಗೆ ಬರೆದು ನಿಲ್ಲಿಸಿದ್ದರೆ ಪೂರ್ತಿ ಐದು ಸ್ಟಾರ್ ಕೊಡುತ್ತಿದ್ದೆ.

ಕಾಯಿಗಳ ಫೋಟೋ ಶುರು ಮಾಡುವ ಮುಂಚೆ, ಮೊಟ್ಟಮೊದಲು ಹಾಕಿದ್ದು ನಾನು ಮತ್ತು ನನ್ನ ಮಗ ಬೋರ್ಡಿನ ಮುಂದೆ ಕೂತಿದ್ದ ಫೋಟೋ. ಆಗ ಅವನು ಚಿಕ್ಕವನು, ಅವನೇ ಆರಿಸಿದ್ದು. ಈಗ ದೊಡ್ಡವನಾಗಿದ್ದಾನೆ. ಮೊನ್ನೆ, ‘ಆ ಫೋಟೋ ಇನ್ನೂ ಎಲ್ಲಾದರೂ ಇದೆಯಾ? ನನ್ನ ಮುಖ ಇಂಟರ್‌ನೆಟ್ಟಲ್ಲಿ ಬೇಡ’ ಅಂದ. ಇಲ್ಲಪ್ಪ, ಯಾವತ್ತೋ ತೆಗೆದೆ ಅಂದೆ. ಆದರೂ ನೋಡೋಣ ಅಂತ, ಹಳೇ ಮೆಸೇಜ್ ಒಂದರಲ್ಲಿ ಉಳಿದಿದ್ದ ಚಿತ್ರದ ಲಿಂಕ್ ಒತ್ತಿದೆ. ತೆರೆದುಕೊಂಡಿತು. ಲಾಗಿನ್ ಕೂಡ ಕೇಳಲಿಲ್ಲ. ಬೇರೆಯವರ ಫೋನ್‌ನಲ್ಲೂ ತೆರೆದುಕೊಂಡಿತು, ಅಂದರೆ ನನ್ನ ಬ್ರೌಸರ್ ಉಳಿಸಿಕೊಂಡಿದ್ದ ಪ್ರತಿ ಅಲ್ಲ ಅದು.

ಇದಕ್ಕೆ ಕಾರಣ ತಿಳಿದಾಗ ಬೇಜಾರು ಇನ್ನೂ ಜಾಸ್ತಿಯಾಯಿತು. ಈ ತಾಣದಲ್ಲಿ ಹೊಸ ಚಿತ್ರ ಹಾಕಿದ ಕ್ಷಣವೇ ಎಲ್ಲ ಕಡೆ ಬದಲಾಗುತ್ತದೆ, ಅದು ನನಗೆ ತುಂಬಾ ಇಷ್ಟ. ಹಳೇ ಹೆಸರಿನ ಮೇಲೇ ಹೊಸ ಫೈಲ್ ಬರೆದರೆ, ಬ್ರೌಸರ್‌ಗಳು ತಮ್ಮ ಹತ್ತಿರ ಇರುವ ಹಳೆಯದನ್ನೇ ಎಷ್ಟೋ ಹೊತ್ತು ತೋರಿಸುತ್ತಿರುತ್ತವೆ. ಹಾಗಾಗಬಾರದು ಅಂತ ಇವರು ಪ್ರತಿ ಚಿತ್ರಕ್ಕೂ ಹೊಸ ಹೆಸರು ಕೊಡುತ್ತಾರೆ. ಹೊಸ ಹೆಸರು, ಹೊಸ ಲಿಂಕ್, ತಕ್ಷಣ ಹೊಸ ಚಿತ್ರ. ಒಳ್ಳೆಯ ಉಪಾಯವೇ. ಆದರೆ ಹಳೇ ಹೆಸರಿನ ಫೈಲನ್ನು ಅಳಿಸುವ ಕೆಲಸ ಯಾರೂ ಮಾಡಿಲ್ಲ. ‘ಚಿತ್ರ ತೆಗೆಯಿರಿ’ ಒತ್ತಿದರೆ ಪರದೆಯ ಮೇಲೆ ಮತ್ತೆ ಆ ಬಣ್ಣದ ಚೌಕಗಳು ಬರುತ್ತವೆ ಅಷ್ಟೆ. ಫೈಲ್ ಇದ್ದಲ್ಲೇ ಇರುತ್ತದೆ. ನನ್ನ ಕುದುರೆ, ಆನೆ, ಪದಾತಿ ಎಲ್ಲ ಅಲ್ಲೇ ಇವೆ, ಜೊತೆಗೆ ನನ್ನ ಮಗ.

ಸಹಾಯ ವಿಭಾಗಕ್ಕೆ ಬರೆದೆ. ಕ್ಯಾಷ್, ಅಂದರೆ ಬೇಗ ತೋರಿಸಲು ಉಳಿಸಿಟ್ಟ ಪ್ರತಿಗಳು, ಖಾಲಿಯಾಗಲು ಕೆಲವು ದಿನ ಬೇಕು, ಕಾಯಿರಿ ಅಂದರು. ಕಾದೆ. ಮತ್ತೆ ಬರೆದೆ. ಲಿಂಕ್ ಗೊತ್ತಿಲ್ಲದವರಿಗೆ ಅದು ಸಿಗುವುದಿಲ್ಲ, ಉದ್ದವಾದ ಹೆಸರು, ಯಾರೂ ಊಹಿಸಲಾರರು ಅಂದರು. ಆ ಚಿತ್ರ ನನ್ನ ಪ್ರೊಫೈಲ್‌ನಲ್ಲಿ ಇದ್ದಷ್ಟು ಕಾಲ ನನ್ನ ಜೊತೆ ಆಡಿದ ಪ್ರತಿಯೊಬ್ಬರ ಬ್ರೌಸರ್‌ಗೂ ಆ ಲಿಂಕ್ ಹೋಗಿದೆ. ಊಹಿಸುವ ಅಗತ್ಯವೇ ಇಲ್ಲ. ಇಷ್ಟು ವಿವರವಾಗಿ ಬರೆದಮೇಲೆ ಆ ಒಂದು ಫೋಟೋವನ್ನು ಕೈಯಾರೆ ಅಳಿಸಿದರು. ಅದನ್ನು ಮಾಡಿಕೊಟ್ಟವರು ಮರ್ಯಾದೆಯಿಂದಲೇ ಮಾತಾಡಿದರು, ಅದನ್ನೂ ಹೇಳಬೇಕು. ಆದರೆ ಬಟನ್ ಒತ್ತಿದವರೆಲ್ಲರೂ ಹೀಗೆ ಪತ್ರ ಬರೆಯುತ್ತಾ ಕೂರಬೇಕಾ? ಎಷ್ಟೋ ಜನಕ್ಕೆ ಫೈಲ್ ಉಳಿದಿದೆ ಅನ್ನುವುದೇ ಗೊತ್ತಿರುವುದಿಲ್ಲ.

ಹಾಕುವಾಗ ಇಷ್ಟೊಂದು ಕಾಳಜಿ ತೋರಿಸಿದವರು ತೆಗೆಯುವಾಗಲೂ ಅಷ್ಟೇ ಕಾಳಜಿ ತೋರಿಸಲಿ ಅನ್ನುವುದು ನನ್ನ ಕೇಳಿಕೆ. ತೆಗೆದ ಚಿತ್ರವನ್ನು ತಪ್ಪಿ ಒತ್ತಿದವರಿಗಾಗಿ ಕೆಲವು ದಿನ ಇಟ್ಟುಕೊಳ್ಳಲಿ, ತಪ್ಪಿಲ್ಲ. ಆದರೆ ಆ ದಿನಗಳಲ್ಲೂ ಲಿಂಕ್ ತೆರೆಯಬಾರದು, ಆಮೇಲೆ ಫೈಲ್ ನಿಜವಾಗಿ ಹೋಗಬೇಕು.

ಮೂರು ಸ್ಟಾರ್ ಕೊಡುತ್ತಿದ್ದೇನೆ. ಕಾಯಿಗಳ ಫೋಟೋ ಹಾಕುವುದನ್ನು ನಿಲ್ಲಿಸಿಲ್ಲ, ಅವು ಉಳಿದರೂ ಯಾರಿಗೂ ತೊಂದರೆ ಇಲ್ಲ. ಮುಖ ಹಾಕಬೇಕು ಅಂತಿರುವವರು, ಅದರಲ್ಲೂ ಮಕ್ಕಳ ಮುಖ ಇರುವ ಫೋಟೋ ಹಾಕಬೇಕು ಅಂತಿರುವವರು, ಮೊದಲು ಬೇರೆ ಯಾವುದಾದರೂ ಚಿತ್ರ ಹಾಕಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಲಿಂಕ್ ಕಾಪಿ ಮಾಡಿಕೊಳ್ಳಿ. ಆಮೇಲೆ ಚಿತ್ರ ತೆಗೆದುಹಾಕಿ, ಒಂದು ವಾರ ಬಿಟ್ಟು ಬೇರೆ ಫೋನ್‌ನಲ್ಲಿ ಆ ಲಿಂಕ್ ತೆರೆದು ನೋಡಿ. ಯಾವ ತಾಣದಲ್ಲಾದರೂ ಇದನ್ನು ಮಾಡಿ ನೋಡಬಹುದು.