ಮಾಳಿಗೆಯ ಕೀಲಿಕೈ ಯಾರ ಕೈಯಲ್ಲಿದೆ ಎಂದು ಮನೆ ಕೊಳ್ಳುವ ಮೊದಲೇ ಕೇಳಿ

ಕಲಬುರಗಿಯ ಸೇಡಂ ರಸ್ತೆಯ ಕಡೆಯ ಬಡಾವಣೆಯೊಂದರಲ್ಲಿ, ಎಂಟು ಮನೆಗಳ ಅಪಾರ್ಟ್‌ಮೆಂಟಿನ ಎರಡನೆಯ ಅಂತಸ್ತಿನಲ್ಲಿ ನಾವು 2021ರಲ್ಲಿ ಮನೆ ಕೊಂಡೆವು. ನನ್ನ ನಿವೃತ್ತಿಯ ಹಣದ ಬಹುಪಾಲು ಅದಕ್ಕೇ ಹೋಯಿತು. ಗೋಡೆ, ನೆಲಹಾಸು, ಕೊಳವೆಬಾವಿ, ಲಿಫ್ಟ್ ಎಲ್ಲವನ್ನೂ ಎರಡೆರಡು ಸಲ ನೋಡಿದ ನಾವು ಮಾಳಿಗೆಯ, ಅಂದರೆ ಕಟ್ಟಡದ ತುದಿಯ ಬಯಲು ಛಾವಣಿಯ, ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿದೆವು. "ಮಾಳಿಗಿ ಎಲ್ಲಾರದೂ ಅದರೀ ಸರ್, ಅದನ್ನೇನ್ ಬರೀಬೇಕು" ಎಂದು ಬಿಲ್ಡರ್ ಹೇಳಿದರು. ನಾವು ಆ ಮಾತನ್ನು ನಂಬಿ ಕ್ರಯಪತ್ರಕ್ಕೆ ಸಹಿ ಹಾಕಿದೆವು. ಮನೆ ಕೊಳ್ಳುವ ಯೋಚನೆಯಲ್ಲಿರುವ ಯಾರೂ ಈ ತಪ್ಪು ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಎರಡು ಬೇಸಿಗೆಗಳಲ್ಲಿ ಎಲ್ಲ ಮನೆಯವರೂ ಮಾಳಿಗೆಯನ್ನು ಬಳಸಿದೆವು. ಶಾವಿಗೆ, ಸಂಡಿಗೆ, ಹಪ್ಪಳ ಅಲ್ಲಿಯೇ ಒಣಗುತ್ತಿದ್ದವು. ಊರಿನಿಂದ ಬಂದ ತೊಗರಿಯನ್ನು ನನ್ನ ಮನೆಯಾಕೆ ಹಳೆಯ ಸೀರೆಯ ಮೇಲೆ ಹರವುತ್ತಿದ್ದಳು. 2023ರ ಆರಂಭದಲ್ಲಿ ನಾಲ್ಕನೆಯ ಅಂತಸ್ತಿನ ಮಾಲೀಕರು ಮೆಟ್ಟಿಲಿನ ತುದಿಗೆ ಕಬ್ಬಿಣದ ಬಾಗಿಲು ಕೂರಿಸಿ ಕೀಲಿ ಹಾಕಿದರು. ಹೊರಗಿನ ಹುಡುಗರು ಬಂದು ಕೂರುತ್ತಾರೆ, ಬೇಕಾದಾಗ ಕೀಲಿಕೈ ಕೇಳಿ ಒಯ್ಯಿರಿ ಎಂದು ಅವರು ಹೇಳಿದ್ದರಿಂದ ನಾವು ಯಾರೂ ಆಕ್ಷೇಪಿಸಲಿಲ್ಲ. ನಮ್ಮ ಮೌನವೇ ಮುಂದೆ ನಮಗೆ ಮುಳುವಾಯಿತು.

ಅದೇ ವರ್ಷದ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ನಲ್ಲಿಗಳಲ್ಲಿ ನೀರು ನಿಂತಿತು. ಮೋಟಾರು ಓಡುತ್ತಿತ್ತು, ಸಂಪಿನಲ್ಲಿ ನೀರಿತ್ತು. ಕೆಟ್ಟದ್ದು ಮಾಳಿಗೆಯ ಮೇಲಿನ ಟಾಂಕಿಯ ವಾಲ್ವ್. ಪ್ಲಂಬರ್ ಬಂದು ಕಬ್ಬಿಣದ ಬಾಗಿಲ ಮುಂದೆ ಚೀಲ ಇಳಿಸಿ ಕುಳಿತ. ನಾನು ಫೋನ್ ಮಾಡಿದಾಗ ಆ ಮಾಲೀಕರು, "ನಾವು ಹೈದರಾಬಾದಿಗಿ ಬಂದೀವ್ರಿ ಸರ್, ಕೀಲಿಕೈ ಮನ್ಯಾಗ ಅದ, ನಾಡದ್ದ ಬರ್ತೀವಿ" ಎಂದರು. ನಮ್ಮ ಊರಿನ ಮೇ ತಿಂಗಳ ಬಿಸಿಲು ಎಂಥದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಎರಡು ದಿನ ಏಳು ಮನೆಗಳವರು ಸಂಪಿನಿಂದ ಕೊಡದಲ್ಲಿ ನೀರು ಸೇದಿ ಮೆಟ್ಟಿಲೇರಿಸಿದೆವು. ಮೂರನೆಯ ಅಂತಸ್ತಿನಲ್ಲಿದ್ದ ಎಪ್ಪತ್ತು ದಾಟಿದ ಅಜ್ಜಿ ಪ್ರತಿ ಮೆಟ್ಟಿಲಿಗೂ ಅರ್ಧ ಕೊಡವನ್ನು ಕೆಳಗಿಟ್ಟು ಉಸಿರು ಎಳೆದುಕೊಳ್ಳುತ್ತಿದ್ದುದನ್ನು ನಾನು ಈಗಲೂ ಮರೆತಿಲ್ಲ.

ನಾಲ್ಕನೆಯ ಅಂತಸ್ತಿನ ಮಾಲೀಕರು ಮರಳಿದ ಮೇಲೆ ಮಾತಿಗೆ ಕುಳಿತಾಗ ತಮ್ಮ ಕ್ರಯಪತ್ರದ ಪ್ರತಿಯನ್ನು ಮುಂದಿಟ್ಟರು. ನಮ್ಮದಕ್ಕಿಂತ ಐದು ತಿಂಗಳು ಮೊದಲೇ ನೋಂದಣಿಯಾಗಿದ್ದ ಆ ಪತ್ರದಲ್ಲಿ, ಮಾಳಿಗೆಯ ಸಂಪೂರ್ಣ ಬಳಕೆಯ ಹಕ್ಕು ನಾಲ್ಕನೆಯ ಅಂತಸ್ತಿನ ಮನೆಗೆ ಸೇರಿದ್ದೆಂದು ಬಿಲ್ಡರ್ ಬರೆದುಕೊಟ್ಟಿದ್ದರು. ನಮ್ಮ ಪತ್ರದ ಕೊನೆಯ ಪಟ್ಟಿಯಲ್ಲಿ (ಷೆಡ್ಯೂಲ್‌ನಲ್ಲಿ) ಮೆಟ್ಟಿಲು, ಲಿಫ್ಟ್, ಕೊಳವೆಬಾವಿ, ಸಂಪು, ಸೆಪ್ಟಿಕ್ ಟ್ಯಾಂಕ್‌ಗಳು ಸಾಮಾನ್ಯ ಸೌಲಭ್ಯಗಳೆಂದು ಇದ್ದವು. ಮಾಳಿಗೆ ಎಂಬ ಶಬ್ದವೇ ಇರಲಿಲ್ಲ. ಒಬ್ಬರಿಗೆ ಬರೆದುಕೊಟ್ಟು, ಉಳಿದ ಏಳು ಜನರಿಗೆ ಬಾಯಿಮಾತಿನಲ್ಲಿ ಹಂಚಿದ್ದು ಬಿಲ್ಡರ್ ಮಾಡಿದ ಮೋಸವೆಂದೇ ನಾನು ಹೇಳುತ್ತೇನೆ. ಮೇಲಿನ ಮನೆಯವರೂ ಅದಕ್ಕೆ ಹೆಚ್ಚಿನ ಹಣ ಕೊಟ್ಟವರೇ ಎಂಬುದನ್ನು ಮರೆಯಲಾಗದು.

ವಕೀಲರ ಬಳಿ ಹೋದಾಗ ತಿಳಿದದ್ದು ಇಷ್ಟು. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972, ಛಾವಣಿಯನ್ನು ಸಾಮಾನ್ಯ ಪ್ರದೇಶಗಳ ಪಟ್ಟಿಯಲ್ಲಿಯೇ ಸೇರಿಸಿದೆ. ಆದರೆ ಘೋಷಣಾ ಪತ್ರದಲ್ಲಿ, ಅಂದರೆ ಕಟ್ಟಡವನ್ನು ಈ ಕಾಯ್ದೆಗೆ ಒಳಪಡಿಸಿ ಮಾಲೀಕರು ಬರೆದುಕೊಡುವ ದಾಖಲೆಯಲ್ಲಿ, ಬೇರೆ ರೀತಿ ಹೇಳಿಲ್ಲದಿದ್ದರೆ ಎಂಬ ಷರತ್ತನ್ನೂ ಇಟ್ಟಿದೆ. ಅದಕ್ಕಿಂತ ಮುಖ್ಯವಾದದ್ದೆಂದರೆ, ಕಟ್ಟಡದ ಮಾಲೀಕರು ಘೋಷಣಾ ಪತ್ರವನ್ನು ಮಾಡಿ ನೋಂದಾಯಿಸಿದರೆ ಮಾತ್ರ ಆ ಕಾಯ್ದೆ ಆ ಕಟ್ಟಡಕ್ಕೆ ಅನ್ವಯಿಸುತ್ತದೆ. ನಮ್ಮಲ್ಲಿ ಅಂತಹ ಪತ್ರವೂ ಇರಲಿಲ್ಲ, ಮಾಲೀಕರ ಸಂಘವೂ ಇರಲಿಲ್ಲ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆ ಟೆರೇಸನ್ನು ಸಾಮಾನ್ಯ ಪ್ರದೇಶವೆಂದು ಸ್ಪಷ್ಟವಾಗಿ ಹೆಸರಿಸುತ್ತದೆ. ಆದರೆ ನಿವೇಶನ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳು ಎಂಟನ್ನು ಮೀರದಿದ್ದರೆ ಆ ಕಾಯ್ದೆಯಡಿ ಕಟ್ಟಡ ಯೋಜನೆಯ ನೋಂದಣಿ ಕಡ್ಡಾಯವಲ್ಲ. ನಮ್ಮ ಕಟ್ಟಡದಲ್ಲಿ ಎಂಟೇ ಮನೆಗಳು. ಹೀಗಾಗಿ ನಮಗೆ ಉಳಿದದ್ದು ಸಿವಿಲ್ ನ್ಯಾಯಾಲಯದ ದಾರಿ, ಅದಕ್ಕೆ ವರ್ಷಗಟ್ಟಲೆ ಕಾಯಬೇಕಾದೀತೆಂದು ವಕೀಲರೇ ಹೇಳಿದರು.

ಕಳೆದುಕೊಂಡದ್ದು ಸಂಡಿಗೆ ಒಣಗಿಸುವ ಜಾಗ ಮಾತ್ರವಲ್ಲ. 2024ರಲ್ಲಿ ಛಾವಣಿಯ ಮೇಲೆ ಸೌರ ಫಲಕ ಹಾಕಿಸಿಕೊಳ್ಳಲು ನೆರವಾಗುವ ಪಿಎಂ ಸೂರ್ಯಘರ್ ಯೋಜನೆ ಬಂದಾಗ, ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಸಿಗುತ್ತದೆಂದು ತಿಳಿದು ನಾನು ವಿಚಾರಿಸಲು ಹೋದೆ. ಛಾವಣಿಯ ಮೇಲೆ ನಿಮಗೆ ಹಕ್ಕಿರುವ ದಾಖಲೆ ಕೊಡಿ ಎಂದರು. ಕೊಡಲು ನನ್ನ ಬಳಿ ಏನೂ ಇರಲಿಲ್ಲ.

ಕೊನೆಗೆ ಹಿರಿಯರೊಬ್ಬರನ್ನು ನಡುವೆ ಕೂರಿಸಿಕೊಂಡು, ಟಾಂಕಿಯ ದುರಸ್ತಿಗೆ ಮತ್ತು ಬೆಂಕಿಯಂತಹ ಆಪತ್ತಿಗೆ ಎಲ್ಲರೂ ಮೇಲೆ ಹೋಗಬಹುದು, ಎರಡನೆಯ ಕೀಲಿಕೈ ಕೆಳಗಿನ ಮನೆಯಲ್ಲಿರಬೇಕು ಎಂದು ಸ್ಟಾಂಪ್ ಪೇಪರಿನ ಮೇಲೆ ಬರೆಸಿ ಎಂಟೂ ಮನೆಯವರು ಸಹಿ ಮಾಡಿದೆವು. ಉಳಿದ ಹಕ್ಕಿನ ಪ್ರಶ್ನೆ ಹಾಗೆಯೇ ಉಳಿದಿದೆ.

ಆದ್ದರಿಂದ ಮುಂಗಡ ಕೊಡುವ ಮೊದಲು ನಿಮ್ಮ ಕ್ರಯಪತ್ರದ ಕರಡನ್ನಷ್ಟೇ ಓದಿ ಸುಮ್ಮನಾಗಬೇಡಿ. ಆ ಕಟ್ಟಡದಲ್ಲಿ ಈಗಾಗಲೇ ಮಾರಾಟವಾಗಿರುವ ಮನೆಗಳ, ಅದರಲ್ಲಿಯೂ ಮೇಲಿನ ಅಂತಸ್ತಿನ ಮನೆಯ, ಕ್ರಯಪತ್ರದ ದೃಢೀಕೃತ ನಕಲನ್ನು ಉಪ ನೋಂದಣಾಧಿಕಾರಿ ಕಚೇರಿಯಿಂದ ತೆಗೆಸಿ ವಕೀಲರಿಗೆ ತೋರಿಸಿ. ಘೋಷಣಾ ಪತ್ರ ನೋಂದಣಿಯಾಗಿದೆಯೇ ಎಂದು ಕೇಳಿ, ಆಗಿದ್ದರೆ ಅದರ ಪ್ರತಿ ಪಡೆಯಿರಿ. ನಿಮ್ಮ ಪತ್ರದ ಸಾಮಾನ್ಯ ಸೌಲಭ್ಯಗಳ ಷೆಡ್ಯೂಲ್‌ನಲ್ಲಿ "ಮಾಳಿಗೆ" ಎಂಬ ಶಬ್ದವನ್ನೇ ಬರೆಸಿರಿ. ಮುಂದೆ ಮೇಲೊಂದು ಅಂತಸ್ತು ಕಟ್ಟುವ ಹಕ್ಕನ್ನು ಬಿಲ್ಡರ್ ತನಗೇ ಉಳಿಸಿಕೊಂಡ ಸಾಲು ಇದೆಯೇ ಎಂದೂ ಹುಡುಕಿ. "ಬರೀಲಿಕ್ಕೆ ಏನೂ ಅಡ್ಡಿ ಇಲ್ಲಲ್ರೀ" ಎಂದು ನೀವು ಕೇಳಿದಾಗ ಬಿಲ್ಡರ್ ತಡವರಿಸಿದರೆ, ಅಲ್ಲಿಂದ ಎದ್ದು ಬನ್ನಿ.